ಹನ್ನೊಂದನೆಯವಳು

ಆ ಗುರುವಾರ ಮಧ್ಯಾಹ್ನ ನಾನು ಹುಣಸೆಹಣ್ಣು ಹಚ್ಚಿ ದೇವರ ದೀಪಗಳನ್ನು ತಿಕ್ಕುತ್ತಿದ್ದೆ. ಶುಕ್ರವಾರಕ್ಕೆ ದೀಪ ಥಳಥಳ ಅನ್ನಬೇಕು ಎನ್ನುವುದು ನಮ್ಮತ್ತೆ ಮೈಸೂರಿನಲ್ಲಿ ಹಾಕಿಕೊಟ್ಟ ರೂಢಿ. ವುಲ್ವರ್‌ಹ್ಯಾಂಪ್ಟನ್‌ಗೆ ಬಂದ ಮೇಲೂ ಅದನ್ನು ಬಿಟ್ಟಿಲ್ಲ. ಕೈಯೆಲ್ಲ ಹುಳಿಯಾಗಿದ್ದಾಗ ಫೋನ್ ಬಂತು. ಮೊಣಕೈಯಿಂದ ಒತ್ತಿ ಸ್ಪೀಕರಿಗೆ ಹಾಕಿದೆ. ಮಗಳು.

"ಅಮ್ಮ, ನಾವು ಮೇಲಿನ ಲೀಗ್‌ಗೆ ಹೋದ್ವಿ. ಕನ್ಫರ್ಮ್ ಆಯ್ತು."

ಅವಳು ಬರ್ಮಿಂಗ್‌ಹ್ಯಾಮಿನ ಒಂದು ಯೂನಿವರ್ಸಿಟಿಯಲ್ಲಿ ಓದುತ್ತಾಳೆ, ಅಲ್ಲಿಯ ಹುಡುಗಿಯರ ಫುಟ್‌ಬಾಲ್ ತಂಡಕ್ಕೆ ನಾಯಕಿ. ಇಲ್ಲೇ ಹುಟ್ಟಿದ ಮಗು. ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ತೀರಾ ಸಂತೋಷವಾದಾಗ, ಇಲ್ಲವೇ ತೀರಾ ಹೆದರಿದಾಗ ಬಾಯಿಗೆ ತಾನಾಗಿ ಕನ್ನಡ ಬರುತ್ತದೆ. ಆ ದಿನ ಅದು ಎರಡರಲ್ಲಿ ಯಾವುದೆಂದು ನನಗೆ ತಿಳಿಯಲಿಲ್ಲ.

"ದೇವರು ದೊಡ್ಡವನು. ತುಪ್ಪದ ದೀಪ ಹಚ್ತೀನಿ ಬಿಡು" ಎಂದೆ.

ಸಂಜೆ ನಮ್ಮವರು ಆಸ್ಪತ್ರೆಯಿಂದ ಬಂದಾಗ ಸುದ್ದಿ ಹೇಳಿದೆ. ಅವರು ಅರಿವಳಿಕೆ ಕೊಡುವ ಡಾಕ್ಟರು. ಜನರನ್ನು ಮಲಗಿಸಿ ಎಬ್ಬಿಸುವುದೇ ಅವರ ಕೆಲಸ. ಮಲಗಿಸೋದು ಯಾರು ಬೇಕಾದ್ರೂ ಮಾಡ್ತಾರೆ, ಎಬ್ಬಿಸೋದಕ್ಕೇ ನನಗೆ ಸಂಬಳ ಅನ್ನುತ್ತಿರುತ್ತಾರೆ. ಕಾಫಿ ಲೋಟ ಕೈಗೆ ತೆಗೆದುಕೊಂಡು, "ನಮ್ಮಲ್ಲಿ ಐಸಿಯು ಕೂಡ ಮೇಲಿನ ಮಹಡೀಲೇ ಇರೋದು ಕಣೇ. ಮೇಲೆ ಹೋದೋರೆಲ್ಲ ಹುಷಾರಾದೋರಲ್ಲ" ಎಂದರು.

"ಬಿಡ್ತು ಅನ್ನಿ" ಎಂದೆ.

"ಬಿಡ್ತು" ಎಂದರು, ನಗುತ್ತ.

ತುಪ್ಪದ ದೀಪವೇನೋ ಹಚ್ಚಿದೆ. ಆದರೆ ನನ್ನ ಸ್ವಭಾವವೇ ಹಾಗೆ, ದೊಡ್ಡ ಸುದ್ದಿ ಕೇಳಿದರೆ ಮೊದಲು ಬರುವುದು ಭಯವೇ. ಸಣ್ಣ ಸಣ್ಣ ಪುಣ್ಯಗಳು ಸಾಕು ನನಗೆ. ಹಾಲು ಉಕ್ಕುವ ಮೊದಲೇ ಕಣ್ಣಿಗೆ ಬಿತ್ತು, ಬಸ್ಸು ಕಾದಿತ್ತು, ಒಗೆದ ಬಟ್ಟೆ ತರುವವರೆಗೆ ಮಳೆ ತಡೆಯಿತು. ದಿನಾ ಸಂಜೆ ದೀಪ ಹಚ್ಚುವಾಗ ಇಂಥವನ್ನೇ ನೆನೆದು ಕೈಮುಗಿಯುತ್ತೇನೆ.

ಬೇಸಿಗೆ ಬರುತ್ತಲೇ ತಂಡ ಕರಗತೊಡಗಿತು. ಕೊನೆಯ ವರ್ಷದ ಹುಡುಗಿಯರು ಡಿಗ್ರಿ ಮುಗಿಸಿ ಹೊರಟರು. ಗೆಲ್ಲಿಸಿದ್ದವರೇ ಅವರು. ಮೇಲಿನ ಲೀಗಿನಲ್ಲಿ ಇರುವುದೆಲ್ಲ ದೊಡ್ಡ ದೊಡ್ಡ ಯೂನಿವರ್ಸಿಟಿಗಳು. ಆಟ ಬಲ್ಲ ಹುಡುಗಿಯರಿಗೆ ಅಲ್ಲಿ ಫೀಸಿನಲ್ಲಿ ರಿಯಾಯಿತಿ, ಜಿಮ್ಮು, ಮೈಕೈ ನೋಡಲು ಫಿಸಿಯೋ, ಹೋಗಿಬರಲು ಬಸ್ಸು. ನಮ್ಮ ಹುಡುಗಿಯರ ಮೈದಾನವೋ ಒಂದು ಕಡೆಗೆ ವಾಲಿದೆ. ಕೋಚ್ ಹಗಲು ಒಂದು ಶಾಲೆಯಲ್ಲಿ ಪಿಟಿ ಮೇಷ್ಟ್ರು. ಒಳ್ಳೆಯ ಮನುಷ್ಯ, ಆದರೆ ಯಾವಾಗಲೂ ಓಡಿಬಂದವನಂತೆ ಏದುಸಿರಿನಲ್ಲೇ ಇರುತ್ತಿದ್ದ. ಹೊಸ ಆಟಗಾರರನ್ನು ಹುಡುಕುವ ಹೊರೆ ಮಗಳ ಮೇಲೆಯೇ ಬಿತ್ತು.

ಡಿಡ್ಸ್‌ಬರಿಯಲ್ಲಿ ನಮಗೆ ಪರಿಚಯದ ಡಾಕ್ಟರ ಮನೆಯಿದೆ. ಅವರ ಮಗಳು ಶಾಲೆಯಲ್ಲಿ ಗೋಲ್‌ಕೀಪರು, ಆ ವರ್ಷ ಯೂನಿವರ್ಸಿಟಿ ಸೇರುವವಳು. ಅವಳ ಅಮ್ಮನ ಹತ್ತಿರ ನೀನು ಮಾತಾಡು ಎಂದು ಮಗಳು ಇಂಗ್ಲಿಷಿನಲ್ಲೇ ದುಂಬಾಲು ಬಿದ್ದಳು. ಹೆಣ್ಣು ಕೇಳುವವರ ಹಾಗೆ ನಾನೂ ಫೋನ್ ಮಾಡಿದೆ.

"ನಮ್ಮವಳಿಗೆ ಬೇರೆ ಕಡೆಯವರು ಅರ್ಧ ಫೀಸ್ ಬಿಡ್ತಾರಂತೆ ರೀ" ಎಂದರು ಆಕೆ. "ನಿಮ್ಮ ಕಡೆ ಏನ್ ಕೊಡ್ತಾರೆ?"

"ವಾರಕ್ಕೊಂದ್ಸಲ ನಮ್ಮನೇಲಿ ಊಟ" ಎಂದೆ.

"ಅಯ್ಯೋ, ಅದಕ್ಕೆ ನಾನೇ ಬಂದ್ಬಿಡ್ತೀನಿ. ಇವಳು ಬರೀ ಪಾಸ್ತಾ ತಿನ್ನೋಳು."

ಇಬ್ಬರೂ ನಕ್ಕೆವು. ಹುಡುಗಿ ಬೇರೆ ಕಡೆಗೆ ಹೋದಳು.

ಸೆಪ್ಟೆಂಬರಿನಲ್ಲಿ ಹೊಸ ವಿದ್ಯಾರ್ಥಿಗಳು ಬರುವಾಗ ಮಗಳು ಮೇಜು ಹಾಕಿಕೊಂಡು ಕುಳಿತಳು. ಹೆಸರು ಬರೆಸಿದವರು ಬಹಳ, ಅಭ್ಯಾಸಕ್ಕೆ ಬಂದವರು ಕಡಿಮೆ. ಕೆಸರು ಕಂಡು ಕೆಲವರು ಹಿಂದಿರುಗಿದರು. ನಿಜವಾಗಿ ಆಡಬಲ್ಲ ಇಬ್ಬರು ಮೇಲಿನ ಲೀಗಿನ ಹೆಸರು ಕೇಳಿ ಹಿಂದೆ ಸರಿದರು. ಅಲ್ಲಿ ಮೂಳೆ ಮುರೀತಾರೆ ಎಂದರಂತೆ. ಮಗಳು ಮನೆಗೆ ಬಂದು ಅಡಿಗೆಮನೆಯ ಸ್ಟೂಲಿನ ಮೇಲೆ ಕೂತು, "ವಿ ಹ್ಯಾವ್ ನಥಿಂಗ್ ಟು ಗಿವ್, ಅಮ್ಮ" ಎಂದಳು. ಆ ಮುಖ ನೋಡಲಾಗದೆ ನಾನು ತಟ್ಟೆ ಹಾಕಿದೆ.

ಹಾಗಿರುವಾಗ ಟಿವಿಡೇಲ್ ದೇವಸ್ಥಾನದಲ್ಲಿ ನವರಾತ್ರಿಯ ಒಂದು ದಿನ ಆ ಹುಡುಗಿ ಸಿಕ್ಕಿದಳು. ಹುಬ್ಬಳ್ಳಿಯವಳು. ಮಗಳ ಯೂನಿವರ್ಸಿಟಿಯಲ್ಲೇ ಎಂಎಸ್ಸಿ ಮಾಡಲು ಬಂದಿದ್ದಳು. ಸಣ್ಣ ಮೈ, ಗಟ್ಟಿ ಕಾಲು. ಊರಲ್ಲಿ ಕಾಲೇಜ್ ತಂಡಕ್ಕೆ ಫುಟ್‌ಬಾಲ್ ಆಡುತ್ತಿದ್ದೆ ಎಂದು ಚಪ್ಪಲಿ ಹಾಕಿಕೊಳ್ಳುತ್ತ ಮಾತಿಗೆ ಹೇಳಿದಳು. ಮಗಳ ಕಿವಿ ನೆಟ್ಟಗಾಯಿತು. ಆ ಶನಿವಾರವೇ ಮನೆಗೆ ಕರೆತಂದಳು. ಅವಳಿಗೆ ಇಷ್ಟವಾಗುವುದೇನಾದರೂ ಮಾಡು ಎಂದು ತನ್ನ ಇಂಗ್ಲಿಷಿನಲ್ಲಿ ಮೊದಲೇ ಕಿವಿಯಲ್ಲಿ ಹೇಳಿದ್ದಳು.

ಜೋಳದ ರೊಟ್ಟಿ ಮಾಡಿದೆ. ಮೈಸೂರಿನವಳ ಕೈಯಲ್ಲಿ ಜೋಳದ ರೊಟ್ಟಿ ಹೇಗಿರುತ್ತದೆಯೋ ಹಾಗಿತ್ತು. ಹುಡುಗಿ ಒಂದನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದಳು.

"ಆಂಟಿ, ಇದರಾಗ ಇಂಗ್ಲೆಂಡ್ ಐತಿ, ಸ್ಕಾಟ್ಲೆಂಡ್ ಸೈತ ಐತ್ರಿ."

"ತಿನ್ನೋ ಹಾಗಿದ್ಯಾ ಹೇಳಮ್ಮ, ನಕಾಶೆ ಆಮೇಲೆ ನೋಡು."

"ತಿನ್ನಾಕ ಬರ್ತೈತ್ರಿ. ಹಲ್ಲು ಗಟ್ಟಿ ಅದಾವ" ಎಂದು ತೋಳು ಮೇಲೇರಿಸಿ ಹಿಟ್ಟಿಗೆ ಕೈ ಹಾಕಿದಳು. ಮಣೆಯ ಮೇಲೆ ಅವಳು ರೊಟ್ಟಿ ಬಡಿಯುವ ಸದ್ದು ಮನೆಯೆಲ್ಲ ತುಂಬಿತು. ಒಂದೇ ಲಯ. ಬಡಿಯುತ್ತ ಬಡಿಯುತ್ತ ರೊಟ್ಟಿ ತಾನೇ ಸುತ್ತುತ್ತ ದೊಡ್ಡದಾಗುತ್ತಿತ್ತು, ತೂತಿಲ್ಲ, ಒಡಕಿಲ್ಲ. ಊಟ ಮುಗಿಯುವ ಹೊತ್ತಿಗೆ ಅವಳು ತಂಡ ಸೇರಿದ್ದಳು. ದೊಡ್ಡವರು ಫೀಸು ಬಿಟ್ಟು ಕರೆಯುತ್ತಾರೆ, ನಾವು ರೊಟ್ಟಿ ಹಾಕಿ ಕರೆದೆವು ಎಂದು ನಮ್ಮವರು ತಮಾಷೆ ಮಾಡಿದರು.

ಅವಳ ತಾಯಿ ಹುಬ್ಬಳ್ಳಿಯಿಂದ ನನಗೆ ಫೋನ್ ಮಾಡಿದರು. "ಆಡ್ಲಿ ಬಿಡ್ರಿ, ಆಡದಿದ್ರ ಅಕಿಗೆ ಅನ್ನ ಸೇರಂಗಿಲ್ಲ. ಆದ್ರ ಅಕ್ಕಾರ, ಅಕಿನ್ನ ನಿಮ್ಮ ಉಡ್ಯಾಗ ಹಾಕೀನಿ" ಎಂದರು. ಉಡಿಯಲ್ಲಿ ಹಾಕಿದೆ ಎನ್ನುವುದು ಸಣ್ಣ ಮಾತಲ್ಲ. ಫೋನ್ ಇಟ್ಟ ಮೇಲೆ ನಾನು ಸೆರಗು ಸರಿಮಾಡಿಕೊಂಡದ್ದು ನೆನಪಿದೆ.

ಪಂದ್ಯಗಳು ಬುಧವಾರ ಮಧ್ಯಾಹ್ನ. ಮೊದಲನೆಯದಕ್ಕೆ ಡಬ್ಬಿ ಹೊತ್ತು ನಾನೂ ಹೋಗಿದ್ದೆ. ಎದುರು ತಂಡದವರು ಬಸ್ಸಿನಿಂದ ಇಳಿದರು, ಇಳಿದರು, ಇಳಿಯುತ್ತಲೇ ಇದ್ದರು. ಎಲ್ಲರೂ ಒಂದೇ ಅಳತೆಯ ಕಂಬಗಳಂತೆ. ಅವರಲ್ಲಿ ಅರ್ಧ ಜನ ಆಡಲಿಲ್ಲ, ಬೆಂಚಿನ ಮೇಲೆ ಕಂಬಳಿ ಹೊದ್ದು ಕುಳಿತಿದ್ದರು. ನಮ್ಮ ಬೆಂಚಿನಲ್ಲಿ ನೀರಿನ ಬಾಟಲಿಗಳಿದ್ದವು, ನನ್ನ ಡಬ್ಬಿಯಿತ್ತು. ಬದಲಿಗೆಂದು ಇದ್ದ ಮೂವರು ಆ ದಿನ ಬಂದಿರಲಿಲ್ಲ, ಒಬ್ಬರಿಗೆ ಪೆಟ್ಟಾದರೆ ಇಳಿಸಲು ಜನರಿಲ್ಲ. ಆಮೇಲೆ ಚಳಿಗಾಲ ಕಳೆದಂತೆ ಒಬ್ಬಳಿಗೆ ಮಂಡಿ, ಇನ್ನೊಬ್ಬಳಿಗೆ ಹಿಮ್ಮಡಿ, ಒಬ್ಬಳು ಬೇಸತ್ತು ಬಿಟ್ಟಳು. ಸೋಲು ಬರುತ್ತಲೇ ಇತ್ತು. ಕೊನೆಗೆ ಸರಿಯಾಗಿ ಹನ್ನೊಂದು ಜನ ಉಳಿದರು. ಹುಬ್ಬಳ್ಳಿಯ ಹುಡುಗಿಯನ್ನು ಸೇರಿಸಿ ಹನ್ನೊಂದು.

ಫೆಬ್ರವರಿಯ ಒಂದು ಪಂದ್ಯದಲ್ಲಿ ಅವಳು ತಲೆಯಿಂದ ಚೆಂಡು ಹೊಡೆಯಲು ನೆಗೆದಾಗ ಎದುರಾಳಿಯ ತಲೆ ಬಂದು ಗುದ್ದಿತಂತೆ. ಬಿದ್ದಳು, ಎದ್ದಳು, ಕಣ್ಣುಜ್ಜಿಕೊಂಡು ಮುಂದಕ್ಕೆ ಆಡಿದಳು. ಆ ದಿನ ಸಮ ಸಮ ಆಯಿತು. ಇಡೀ ಲೀಗಿನಲ್ಲಿ ನಮ್ಮ ತಂಡಕ್ಕೆ ಸಿಕ್ಕ ಮೊದಲ ಪಾಯಿಂಟು. ಮಗಳು ಫೋನಿನಲ್ಲಿ ಕೂಗಾಡಿದಳು, ತಲೆಯ ವಿಷಯವನ್ನೂ ಅದರ ನಡುವೆಯೇ ಹೇಳಿದಳು, ಶೌರ್ಯದ ಕಥೆಯ ಹಾಗೆ.

ಆ ವಾರಾಂತ್ಯ ಎಲ್ಲರೂ ಟಿವಿಡೇಲ್‌ಗೆ ಹೋದೆವು. ಅಲ್ಲಿಯ ಊಟದ ಹಾಲಿನ ರೂಢಿ ಒಂದನ್ನು ಇಲ್ಲಿ ಹೇಳಬೇಕು. ನಮ್ಮ ಜನರಲ್ಲಿ ಡಾಕ್ಟರುಗಳಿಗೆ ಬರವಿಲ್ಲ. ಜಿಪಿ ಎನ್ನುವ ಬಡಾವಣೆಯ ಡಾಕ್ಟರ ಅಪಾಯಿಂಟ್‌ಮೆಂಟಿಗೆ ವಾರಗಟ್ಟಲೆ ಕಾಯುವವರಿಗೆ ಪ್ರಸಾದದ ಸಾಲೇ ಕ್ಲಿನಿಕ್ಕು. ಡಾಕ್ಟರು ಪುಳಿಯೋಗರೆ ತಟ್ಟೆ ಹಿಡಿದು ನಿಂತಿದ್ದರೆ ಒಬ್ಬರು ಬಂದು ಭುಜ ತೋರಿಸುತ್ತಾರೆ, ಇನ್ನೊಬ್ಬರು ಸೊಸೆಯ ರಿಪೋರ್ಟನ್ನು ಫೋನಿನಲ್ಲಿ ಹಿಡಿಯುತ್ತಾರೆ. ಯಾರೂ ಪೂರ್ತಿ ಹೇಳುವುದಿಲ್ಲ, ದೇವಸ್ಥಾನದಲ್ಲಿ ಕಾಯಿಲೆಯ ಮಾತು ಉದ್ದ ಆಡಬಾರದು ಎಂಬ ಸಂಕೋಚ. ಡಾಕ್ಟರೂ ಪೂರ್ತಿ ಕೇಳುವುದಿಲ್ಲ, ಅನ್ನ ಆರುತ್ತಿರುತ್ತದೆ. "ಏನಿಲ್ಲ ಬಿಡಿ" ಎಂಬ ಮಾತು ಸಿಕ್ಕರೆ ತೀರ್ಥ ಸಿಕ್ಕಷ್ಟೇ ಸಮಾಧಾನ.

ನಾನು ಒಳಗೆ ಮೊಸರನ್ನ ಬಡಿಸುವ ಸೇವೆಯಲ್ಲಿದ್ದೆ. ಅಲ್ಲಿ ಏನು ನಡೆಯಿತೆಂಬುದು ಆಮೇಲೆ ತಿಳಿದದ್ದು. ಮಗಳು ಹುಬ್ಬಳ್ಳಿಯ ಹುಡುಗಿಯನ್ನು ಅಪ್ಪನ ಮುಂದೆ ನಿಲ್ಲಿಸಿ, ಇವಳ ಕತ್ತು ನೋಡಿ ಎಂದಳು. ಹುಡುಗಿಯೂ "ಕತ್ತು ಹಿಡದೈತ್ರಿ ಅಂಕಲ್" ಎಂದಳು. ಇವರು ಬಲಗೈ ಎಂಜಲೆಂದು ಎಡಗೈಯಿಂದ ಕತ್ತು ಒತ್ತಿ, ಆಚೆ ಈಚೆ ತಿರುಗಿಸಿ ನೋಡಿ, "ಏನಿಲ್ಲಮ್ಮ, ಉಳುಕಿದೆ ಅಷ್ಟೆ. ಬಿಸಿನೀರು ಶಾಖ ಕೊಡು" ಎಂದರು. ತಲೆಯ ಮಾತು ಅಲ್ಲಿ ಬರಲೇ ಇಲ್ಲ. ಕೋಚ್ ಕೇಳಿದಾಗ ಮಗಳು, ಅಪ್ಪ ಅವಳನ್ನು ನೋಡಿದ್ದಾರೆ, ಏನಿಲ್ಲ ಅಂದರು ಎಂದಳು. ಅಪ್ಪ ದೊಡ್ಡಾಸ್ಪತ್ರೆಯ ಕನ್ಸಲ್ಟೆಂಟು. ಕೋಚಿಗೆ ಇನ್ನೇನು ಬೇಕು?

ಮುಂದಿನ ಬುಧವಾರ ಪಂದ್ಯ ನಮ್ಮ ಹುಡುಗಿಯರದೇ ಮೈದಾನದಲ್ಲಿ. ಹುಡುಗಿ ಹಿಂದಿನ ದಿನವೇ ಮಗಳ ಜೊತೆ ನಮ್ಮ ಮನೆಗೆ ಬಂದಿದ್ದಳು. ಬೆಳಿಗ್ಗೆ ತಂಡಕ್ಕೆಲ್ಲ ರೊಟ್ಟಿ ಮಾಡೋಣ ಎಂದು ಹಿಟ್ಟು ಕಲಸಿದಳು. ಕಿಟಕಿಯಲ್ಲಿ ಅಪರೂಪದ ಬಿಸಿಲಿತ್ತು. ಅವಳು ಎದ್ದು ಪರದೆ ಎಳೆದಳು.

"ಯಾಕಮ್ಮ, ಬಿಸಿಲು ಬರೋದೇ ಅಪರೂಪ."

"ಚುಚ್ಚತೈತ್ರಿ ಆಂಟಿ."

ರೊಟ್ಟಿ ಬಡಿಯುವ ಸದ್ದು ಶುರುವಾಯಿತು. ನಾನು ಪಲ್ಯಕ್ಕೆ ಹೆಚ್ಚುತ್ತಿದ್ದೆ. ಸದ್ದು ನಿಂತಿತು. ಮತ್ತೆ ಬಂತು, ಮತ್ತೆ ನಿಂತಿತು. ಆ ಲಯ ಇರಲಿಲ್ಲ. ತಿರುಗಿ ನೋಡಿದರೆ ಕಾವಲಿಯ ಮೇಲೆ ರೊಟ್ಟಿ ಹೊಗೆಯಾಡುತ್ತಿದೆ, ಅವಳು ಅದನ್ನೇ ನೋಡುತ್ತ ನಿಂತಿದ್ದಾಳೆ. ನಾನೇ ಹೋಗಿ ತೆಗೆದೆ. ಅವಳು ಕೈ ನೋಡಿಕೊಂಡಳು. ಎರಡೂ ಕೈಯಲ್ಲಿ ಹಿಟ್ಟು ಮೆತ್ತಿತ್ತು.

"ಆಂಟಿ, ಹಿಟ್ಟು ಎಲ್ಲಿಟ್ಟೀರಿ?"

ತಮಾಷೆ ಎಂದುಕೊಂಡು ನಕ್ಕೆ. ಅವಳೂ ನಕ್ಕಳು, ನಾನು ನಕ್ಕೆ ಎಂದು. ಅಷ್ಟರಲ್ಲಿ ಮಗಳು ಹೊರಗೆ ತನ್ನ ಕಾರಿನ ಹಾರ್ನ್ ಒತ್ತಿದಳು, ಇಬ್ಬರೂ ಹೊರಟುಹೋದರು.

ಸೀದುಹೋದ ರೊಟ್ಟಿಯನ್ನು ಬಿಸಾಡಲು ಎತ್ತಿದೆ. ಕೈ ಮುಂದೆ ಹೋಗಲಿಲ್ಲ. ಇಂಥ ರೊಟ್ಟಿ ಅವಳ ಕೈಯಿಂದ ಬರುವುದಲ್ಲ. ದೇವರ ಮುಂದೆ ಒಂದು ಕ್ಷಣ ನಿಂತು ಆಮೇಲೆ ಇವರಿಗೆ ಫೋನ್ ಮಾಡಿದೆ. ಆಪರೇಷನ್ ಥಿಯೇಟರಿನಲ್ಲಿದ್ದಾರೆ ಎಂದರು ಆಸ್ಪತ್ರೆಯವರು. ಅರ್ಜೆಂಟ್ ಎಂದು ಹೇಳಿ ಎಂದೆ. ಇಷ್ಟು ವರ್ಷದಲ್ಲಿ ನಾನು ಹಾಗೆ ಹೇಳಿದವಳಲ್ಲ. ಮಧ್ಯಾಹ್ನವಾದ ಮೇಲೆ ಇವರೇ ತಿರುಗಿ ಫೋನ್ ಮಾಡಿದರು. ರೊಟ್ಟಿಯ ಕಥೆ ಹೇಳುತ್ತ ನನಗೇ ನಾಚಿಕೆಯಾಯಿತು, ಒಂದು ಸೀದ ರೊಟ್ಟಿಗೆ ಡಾಕ್ಟರನ್ನು ಕರೆಸಿದ್ದೇನೆ ಎಂದು. ಆದರೆ ಆ ಕಡೆ ನಗು ಬರಲಿಲ್ಲ.

"ಮೊನ್ನೆ ತಲೆಗೇನಾದ್ರೂ ಪೆಟ್ಟು ಬಿದ್ದಿತ್ತಾ?"

"ತಲೆ ತಲೆ ಗುದ್ಕೊಂಡ್ರಂತಲ್ಲ. ನಿಮಗೆ ಹೇಳ್ಲಿಲ್ವಾ?"

"ನನಗೆ ಕತ್ತು ಅಂದ್ರು. ನಿನ್ನ ಕಾರ್ ತಗೊಂಡು ಹೋಗು. ಆಡೋಕೆ ಬಿಡಬೇಡ. ನಾನು ಬರೋ ಹಾಗಿಲ್ಲ, ಪೇಷಂಟ್ ಟೇಬಲ್ ಮೇಲಿದ್ದಾನೆ. ಇನ್ನೊಂದು ಪೆಟ್ಟು ತಲೆಗೆ ಬೀಳಬಾರದು ಕಣೇ, ಬೀಳಲೇಬಾರದು."

ಮಗಳಿಗೆ ಮಾಡಿದ ಫೋನು ಬಡಿದುಕೊಂಡು ಬಡಿದುಕೊಂಡು ನಿಂತಿತು. ಆಡುವಾಗ ಫೋನುಗಳೆಲ್ಲ ಬ್ಯಾಗಿನಲ್ಲಿರುತ್ತವೆ. ನಾನು ಮೋಟರ್‌ವೇ ಹಿಡಿಯುವವಳಲ್ಲ, ಆ ದಿನ ಹಿಡಿದೆ. ದಾರಿಯುದ್ದಕ್ಕೂ ಬಾಯಲ್ಲಿ ವಿಷ್ಣುಸಹಸ್ರನಾಮ. ಎಲ್ಲಿ ಬಿಟ್ಟೆನೋ ಎಲ್ಲಿ ಹಿಡಿದೆನೋ ತಿಳಿಯದು. ದೇವರ ಹೆಸರುಗಳ ನಡುವೆ, ಉಡಿಯಲ್ಲಿ ಹಾಕೀನಿ ಎಂಬ ಆ ತಾಯಿಯ ದನಿ.

ಮೈದಾನ ತಲುಪಿದಾಗ ಆಟ ನಡೆದಿತ್ತು. ವಾಲಿದ ಮೈದಾನದ ನಡುವೆ ಅವಳು ನಿಂತಿದ್ದಳು, ಸೂರ್ಯನ ಕಡೆಗೆ ಬೆನ್ನು ಮಾಡಿ. ನಾನು ಸೀದಾ ಕೋಚ್ ಬಳಿ ಹೋಗಿ, ಆ ಹುಡುಗಿಯನ್ನು ಹೊರಗೆ ಕರೆಯಿರಿ ಎಂದೆ. ಆತ ಗೊಂದಲದಿಂದ, ನಿಮ್ಮ ಯಜಮಾನರೇ ನೋಡಿ ಆಡಬಹುದು ಎಂದರಲ್ಲ ಎಂದ. ನನ್ನ ಇಂಗ್ಲಿಷ್ ಅಷ್ಟಕ್ಕಷ್ಟೆ. "ಅವರು ಊಟದ ತಟ್ಟೆ ಕೈಯಲ್ಲಿ ಹಿಡಿದು ಕತ್ತು ನೋಡಿದರು, ತಲೆ ನೋಡಲಿಲ್ಲ" ಎಂದೆ. ಆತ ನನ್ನ ಮುಖ ನೋಡಿದ. ಆಮೇಲೆ ಆ ಖಾಲಿ ಬೆಂಚನ್ನು ನೋಡಿದ. ಪಾಪ, ಆ ಒಂದು ನೋಟವನ್ನು ನಾನು ಯಾವತ್ತೂ ಮರೆಯುವುದಿಲ್ಲ. ಆಮೇಲೆ ಕೈಯೆತ್ತಿ ರೆಫರಿಯನ್ನು ಕೂಗಿದ.

ಆಟ ನಿಲ್ಲುವ ಮೊದಲೇ ಚೆಂಡು ಎತ್ತರಕ್ಕೆ ಹೋಗಿತ್ತು. ಅವಳ ಕಡೆಗೇ ಇಳಿಯುತ್ತಿತ್ತು. ಎದುರಿನ ಹುಡುಗಿಯೊಬ್ಬಳು ಅದಕ್ಕಾಗಿ ಓಡಿಬರುತ್ತಿದ್ದಳು. ಮಗಳು ಅವಳ ಹೆಸರು ಹಿಡಿದು ಕೂಗಿದಳು, ನೆಗೆ ಎಂದು. ಹುಡುಗಿ ತಲೆಯೆತ್ತಲಿಲ್ಲ. ಚೆಂಡು ಅವಳ ಮುಂದೆಯೇ ಕೆಸರಿಗೆ ಬಿತ್ತು, ಓಡಿಬಂದವಳು ಪಕ್ಕದಲ್ಲೇ ಹಾದುಹೋದಳು. ಇವಳು ಮಾತ್ರ ನಿಂತಲ್ಲೇ ನಿಧಾನವಾಗಿ ಕಾಲು ಮಡಿಚಿ, ಪಂಕ್ತಿಯಲ್ಲಿ ಊಟಕ್ಕೆ ಕೂರುವವರಂತೆ, ಮೈದಾನದ ನಡುವೆ ಕುಳಿತುಬಿಟ್ಟಳು. ಕೈ ಎರಡೂ ತೊಡೆಯ ಮೇಲೆ. ಎಲೆ ಬರಲೆಂದು ಕಾಯುವ ಹಾಗೆ.

ಆಂಬುಲೆನ್ಸ್ ಬರುವವರೆಗೆ ಅವಳ ತಲೆಯನ್ನು ಯಾರೂ ಅಲುಗಿಸದಂತೆ ನಾನು ಹಿಂದೆ ಕುಳಿತು ಹಿಡಿದುಕೊಂಡಿದ್ದೆ. ಸೀರೆಯೆಲ್ಲ ಕೆಸರು. ಮಗಳು ಮಂಡಿಯೂರಿ, "ಅಮ್ಮ, ಹನ್ನೊಂದು ಜನ ಬೇಕಿತ್ತು ಅಷ್ಟೇ. ನಾನು ಸುಳ್ಳು ಹೇಳಲಿಲ್ಲ ಅಮ್ಮ, ಅಪ್ಪ ಏನಿಲ್ಲ ಅಂದ್ರು" ಎಂದು ಅದನ್ನೇ ಅನ್ನುತ್ತಿದ್ದಳು. ಕನ್ನಡದಲ್ಲಿ. ಎಲ್ಲ ಕನ್ನಡದಲ್ಲಿ.

ಸ್ಕ್ಯಾನಿನಲ್ಲಿ ಮಿದುಳಿನ ಪಕ್ಕ ಸಣ್ಣದಾಗಿ ರಕ್ತ ಕಂಡಿತು. ತಲೆ ಕೊಯ್ಯಬೇಕಾಗಿ ಬರಲಿಲ್ಲ. ಕಾದು ನೋಡೋಣ ಎಂದರು, ಕಾದರು, ಹೆಚ್ಚಾಗಲಿಲ್ಲ. ಆ ಚೆಂಡು ಒಂದು ಗೇಣು ಈಚೆ ಬಿದ್ದಿದ್ದರೆ ಎಂದು ಇವರು ಹೇಳಹೊರಟು ಅರ್ಧಕ್ಕೆ ನಿಲ್ಲಿಸಿದರು. ಜನರನ್ನು ಎಬ್ಬಿಸುವ ಕೆಲಸದ ಮನುಷ್ಯ, ಆ ಹುಡುಗಿ ಕಣ್ಣು ಬಿಟ್ಟಾಗಲೆಲ್ಲ ಎದ್ದು ನಿಲ್ಲುತ್ತಿದ್ದರು.

ತಾಯಿಗೆ ಫೋನ್ ಮಾಡಿದವಳು ನಾನೇ. ಇದ್ದದ್ದನ್ನು ಇದ್ದಂತೆ ಹೇಳಿದೆ. ಆ ಕಡೆ ಯಾವುದೋ ಮನೆಯ ಕುಕ್ಕರ್ ಕೂಗಿದ್ದು ಕೇಳಿತು. ಆಮೇಲೆ, "ಊಟ ಮಾಡ್ಯಾಳೇನ್ರಿ ಅಕ್ಕಾರ?" ಎಂದರು.

"ಗಂಜಿ ಕುಡಿದಳು."

"ಹೂಂ. ಮತ್ತ ನೀವ್ರಿ?"

ಆಗ ನನಗೆ ಅಳು ಬಂತು.

ತಂಡ ಉಳಿದ ಪಂದ್ಯಗಳನ್ನು ಬಿಟ್ಟುಕೊಟ್ಟಿತು. ಬರುವ ವರ್ಷ ಮತ್ತೆ ಕೆಳಗಿನ ಲೀಗಿನಲ್ಲಿ ಆಡುತ್ತಾರಂತೆ, ಆಡಲು ಜನ ಸಿಕ್ಕಿದರೆ. ಮಗಳು ಆ ಮಾತೆತ್ತುವುದಿಲ್ಲ, ನಾವೂ ಕೇಳುವುದಿಲ್ಲ. ಟಿವಿಡೇಲ್‌ಗೆ ಹೋದಾಗ ಈಗಲೂ ಜನ ಇವರ ಮುಂದೆ ಭುಜ, ಮಂಡಿ ತೋರಿಸುತ್ತಾರೆ. ಇವರು ತಟ್ಟೆಯನ್ನು ಕೆಳಗಿಟ್ಟು, ಕೈ ತೊಳೆದು ಬಂದು, ಕುರ್ಚಿ ಎಳೆದು, "ಮೊದಲಿಂದ ಹೇಳಿ. ಯಾವಾಗ, ಎಲ್ಲಿ, ಹೇಗೆ ಬಿದ್ರಿ?" ಎನ್ನುತ್ತಾರೆ. ಜನರಿಗೆ ಇರಿಸುಮುರುಸು. "ಅಷ್ಟೇನಿಲ್ಲ ಬಿಡಿ ಡಾಕ್ಟ್ರೇ, ನಿಮ್ಮ ಊಟ ಆರುತ್ತೆ" ಎಂದು ಎದ್ದುಹೋಗುತ್ತಾರೆ. ಇವರು ತಣ್ಣಗಾದ ಪುಳಿಯೋಗರೆ ತಿನ್ನುತ್ತಾರೆ.

ಹುಡುಗಿ ಈಗ ನಮ್ಮ ಮನೆಯಲ್ಲೇ ಇದ್ದಾಳೆ, ಮೇಲಿನ ಕೋಣೆಯಲ್ಲಿ. ಓದನ್ನು ಸದ್ಯಕ್ಕೆ ನಿಲ್ಲಿಸಿದ್ದಾಳೆ, ತಾಯಿಯ ವೀಸಾ ಬರುವುದನ್ನು ಕಾಯುತ್ತಿದ್ದಾಳೆ. ಪರದೆ ಅರ್ಧ ತೆರೆಯಲು ಬಿಡುತ್ತಾಳೆ, ಅದೊಂದು ಪುಣ್ಯ. ಮೆಟ್ಟಿಲಿಳಿದು ತಾನೇ ಬರುತ್ತಾಳೆ, ಅದೊಂದು. ಎಲ್ಲ ಮೊದಲಿನಂತಾಗುತ್ತದೆ, ತಡವಾಗುತ್ತದೆ ಅಷ್ಟೆ ಎಂದು ಡಾಕ್ಟರುಗಳು ಹೇಳಿದ್ದಾರೆ. ನಮ್ಮವರು ಮಾತ್ರ, "ಕಾದು ನೋಡೋಣ" ಎನ್ನುತ್ತಾರೆ.

ಇವತ್ತು ಮಧ್ಯಾಹ್ನ ಕೆಳಗೆ ಬಂದು ನನ್ನ ಎದುರು ಕೂತು ಕೊತ್ತಂಬರಿ ಸೊಪ್ಪು ಬಿಡಿಸಿಕೊಟ್ಟಳು.

"ಆಂಟಿ, ಇವತ್ತ ಯಾವ ವಾರರಿ?"

"ಗುರುವಾರ ಕಣಮ್ಮ."

ಸ್ವಲ್ಪ ಸೊಪ್ಪು ಬಿಡಿಸಿದಳು. ಬೇರನ್ನೆಲ್ಲ ಒಂದು ಕಡೆ ಅಚ್ಚುಕಟ್ಟಾಗಿ ಜೋಡಿಸಿದಳು. ಆಮೇಲೆ ತಲೆಯೆತ್ತಿ, ಮೊದಲ ಸಲ ಕೇಳುವವಳ ಮುಖದಲ್ಲಿ, "ಆಂಟಿ, ಇವತ್ತ ಯಾವ ವಾರರಿ?" ಎಂದಳು.

"ಗುರುವಾರ ಕಣಮ್ಮ" ಎಂದೆ ನಾನೂ, ಮೊದಲ ಸಲ ಹೇಳುವವಳ ದನಿಯಲ್ಲಿ. ದೀಪಗಳನ್ನು ದೇವರ ಮನೆಯಿಂದ ತಂದು ಸಿಂಕಿನಲ್ಲಿಟ್ಟು, ಹುಣಸೆಹಣ್ಣು ನೆನೆಹಾಕಲು ಎದ್ದೆ.